ನಿಮ್ಮ ಫೋಟೋ ಇಲ್ಲದ ಇಂಗ್ಲಿಷ್ ಕ್ಲಾಸು

ಮಾಸ್ತರರೇ,

ಪತ್ರದ ಮೊದಲಿಗೆ 'ಪೂಜ್ಯ' ಅಂತಲೋ 'ಪ್ರೀತಿಯ' ಅಂತಲೋ ಬರೆಯಬೇಕು, ಬರೆಯದಿದ್ದರೆ ಒಂದು ಅಂಕ ಕಟ್ ಎಂದು ಕಲಿಸಿದವರು ನೀವೇ. ಆ ಒಂದು ಅಂಕ ನೀವೇ ಇಟ್ಟುಕೊಳ್ಳಿ. ಎರಡರಲ್ಲಿ ಯಾವುದನ್ನೂ ಬರೆಯಲು ನನಗೆ ಕೈ ಬರುತ್ತಿಲ್ಲ. ನಾನು ಸುಮಿತ್ರಾ, ಕುಮಟೆ ಹತ್ತಿರದ ಬಾಡ ಎಂಬ ಊರಿನವಳು, ಎಂಟನೇ ಇಯತ್ತೆಯಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದವಳು. ಗುರುತು ಸಿಗಲಿಲ್ಲವಾದರೆ ಬೇಸರವೇನಿಲ್ಲ. ನಮ್ಮ ಹೆಸರು ನಿಮಗೆ ಯಾವತ್ತು ನೆನಪಿತ್ತು? ದೋಣಿ ಮನೆಯ ಮಕ್ಕಳನ್ನು ನೀವು ಕರೆಯುತ್ತಿದ್ದದ್ದೇ ಮೀನಿನ ಹೆಸರಿನಿಂದ. ಒಬ್ಬ ಬಾಂಗಡೆ, ಇನ್ನೊಬ್ಬ ತಾರ್ಲೆ. ನಾನು ಸಣ್ಣಗಿದ್ದೆ, ಹಾಗಾಗಿ ಶೆಟ್ಲಿ. ಇಡೀ ವರ್ಗ ನಗುತ್ತಿತ್ತು, ನೀವು ಮೀಸೆಯಡಿಯಲ್ಲೇ ನಗುತ್ತಿದ್ದಿರಿ.

ನೀವು ತೀರಿಕೊಂಡ ಸುದ್ದಿ ಬಂದಾಗ ನಾನು ಹೊನ್ನಾವರದ ಪೇಟೆಯಲ್ಲಿ ಬಸಳೆ ಚೌಕಾಶಿ ಮಾಡುತ್ತಿದ್ದೆ. ಸುದ್ದಿ ಕೇಳಿದೆ, ಚೌಕಾಶಿ ಮುಗಿಸಿದೆ, ಬಸಳೆ ತೆಗೆದುಕೊಂಡೇ ಮನೆಗೆ ಬಂದೆ. ನಿಮಗಾಗಿ ಅತ್ತೆನೇ? ಇಲ್ಲ. ನುಡಿನಮನದ ಸಭೆಗೆ ಮಾತ್ರ ಹೋಗಿದ್ದೆ, ಯಾರು ಎಂಥ ಸುಳ್ಳು ಹೇಳುತ್ತಾರೆ ಎಂದು ಕೇಳಬೇಕಿತ್ತು. ಒಬ್ಬೊಬ್ಬರೂ ಎದ್ದು ಶಿಸ್ತಿನ ಸಿಪಾಯಿ, ನಡೆದಾಡುವ ನಿಘಂಟು ಎಂದರು. ನಿಮ್ಮ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ ಕಿವಿ ಮುಟ್ಟಿಕೊಂಡು ಹೊಗಳುತ್ತಿದ್ದರು. ಮನುಷ್ಯ ಸತ್ತ ಕೂಡಲೇ ಅವನ ಪೆಟ್ಟುಗಳೆಲ್ಲ ಆಶೀರ್ವಾದವಾಗಿಬಿಡುತ್ತವೆ ನೋಡಿ.

ಅದೇ ಸಭೆ ಮುಗಿದು ಚಾ ಕುಡಿಯುವಾಗ ಗಣಪತಿ ನನ್ನ ಹತ್ತಿರ ಬಂದ. ನೆನಪಿರಬೇಕು ನಿಮಗೆ, ನಿಮ್ಮ ಸೈಕಲ್ ಒರೆಸುತ್ತಿದ್ದ ಗಣಪತಿ. ಈಗ ಅವನದು ದೊಡ್ಡ ಬಟ್ಟೆ ಅಂಗಡಿ, ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಅವನೇ ಅಧ್ಯಕ್ಷ. ನಾನು ಸಂಜೆ ಹೊತ್ತು ಹೆಂಗಸರಿಗೆ ಇಂಗ್ಲಿಷ್ ಕಲಿಸುವ ಮಾಳಿಗೆಯ ಕೋಣೆ ಆ ಸಂಘದ್ದು. ಬಾಡಿಗೆ ಕೇಳುವುದಿಲ್ಲ ಎಂಬ ಉಪಕಾರ ಬೇರೆ. "ಮಾಸ್ತರ ವರ್ಷಾಂತ ಮುಗಿದ ಮೇಲೆ ಕ್ಲಾಸಿಗೆ ಅವ್ರ ಹೆಸ್ರು ಇಡೂದು. ದೊಡ್ಡ ಫೋಟೋ ಹಾಕೂದು, ಶುರು ಮಾಡೂಕೆ ಮೊದ್ಲು ಎಲ್ರೂ ಕೈ ಮುಗಿಯೂದು. ಆಗೂದಿಲ್ಲ ಅಂದ್ರೆ ಕೋಣೆ ಬೀಗ ನಮ್ಮ ಹತ್ರನೇ ಅದೆ" ಅಂದ. ಆ ಕೋಣೆ ಹೋದರೆ ಕ್ಲಾಸು ಹೋಯಿತು. ಮೀನು ಬುಟ್ಟಿ ಹೊತ್ತು ಬರುವ ಹೆಂಗಸರಿಗೆ ಹೊನ್ನಾವರದ ಪೇಟೆಯಲ್ಲಿ ಇನ್ಯಾರು ಕೋಣೆ ಕೊಡುತ್ತಾರೆ? ಆದರೆ ನಿಮ್ಮ ಫೋಟೋದ ಕೆಳಗೆ ನಿಂತು ನಾನು 'ವಿಲ್' ಕಲಿಸುವುದೆಂದರೆ...

ಆ ದಿನ ನಿಮ್ಮ ತಲೆಯಲ್ಲಿ ಉಳಿದಿರಲಿಕ್ಕಿಲ್ಲ, ನನ್ನ ತಲೆಯಿಂದ ಹೋಗಿಲ್ಲ. ಬೋರ್ಡಿನ ಮೇಲೆ ನಿಮ್ಮ ಮುತ್ತಿನಂಥ ಅಕ್ಷರದಲ್ಲಿ (ಅಕ್ಷರ ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ) 'ನನ್ನ ತಂದೆ ನಾಳೆ ತುಂಬಾ ಮೀನು ಹಿಡಿದು ಬರುತ್ತಾರೆ' ಎಂಬುದನ್ನು ಇಂಗ್ಲಿಷಿನಲ್ಲಿ ಬರೆದಿರಿ. 'ಮೈ ಫಾದರ್ ವಿಲ್' ಎಂದು ಕೋಲಿನಿಂದ ತೋರಿಸಿ ನನ್ನನ್ನು ಎಬ್ಬಿಸಿದಿರಿ. ಅಪ್ಪ ಆವತ್ತು ಬೆಳಿಗ್ಗೆಯಷ್ಟೇ ದೋಣಿ ಇಳಿಸಿಕೊಂಡು ಹೋಗಿದ್ದ. ನಾನು ಬಾಯಿ ಬಿಡಲಿಲ್ಲ. ಎರಡನೇ ಸಲ ಕೇಳಿದಿರಿ, ಮೂರನೇ ಸಲ ಕೋಲಿನಿಂದ ಮೇಜು ಕುಟ್ಟಿದಿರಿ. "ಮನೇಲಿ ಹೇಳೂದಿಲ್ಲ ಮಾಸ್ತರ್ರೆ, ದೋಣಿ ಹೋದಾಗ ಹಂಗೆ ಹೇಳೂಕಾಗ" ಎಂದು ಹೇಗೋ ಹೇಳಿದೆ. ನೀವು ನಕ್ಕಿರಿ. "ಮೀನು ತಿಂದ ಮಂಡೆಗೆ ಫ್ಯೂಚರ್ ಟೆನ್ಸ್ ಎಲ್ಲಿ ಹತ್ತಬೇಕು, ಯು ವಿಲ್ ಫೇಲ್" ಎಂದು ಹೇಳಿ ಬೆಂಚಿನ ಮೇಲೆ ನಿಲ್ಲಿಸಿದಿರಿ. ಮಧ್ಯಾಹ್ನದ ಗಂಟೆ ಹೊಡೆಯುವ ತನಕ ನಿಂತಿದ್ದೆ.

ಅವ್ವ ಆ ದಿನಗಳಲ್ಲಿ ಅಡುಗೆ ಮಾಡುತ್ತಿದ್ದ ರೀತಿಯನ್ನು ನೀವು ಒಮ್ಮೆ ನೋಡಬೇಕಿತ್ತು. ಅಪ್ಪ ಕಡಲಿಗೆ ಹೋದ ದಿನ ಅವಳು ಕಾಯಿ ತುರಿದಿಡುತ್ತಿದ್ದಳು, ಮೆಣಸು ಹುರಿದಿಡುತ್ತಿದ್ದಳು, ಆದರೆ ದೋಣಿ ದಡ ಮುಟ್ಟಿದ ಸುದ್ದಿ ಬರುವವರೆಗೆ ಒರಳಿಗೆ ಕೈ ಹಾಕುತ್ತಿರಲಿಲ್ಲ. ಮೀನು ಬರುವ ಮೊದಲೇ ಮಸಾಲೆ ಅರೆಯುವುದೆಂದರೆ ಕಡಲಿಗೆ ಹುಕುಂ ಮಾಡಿದ ಹಾಗೆ ಎನ್ನುತ್ತಿದ್ದಳು. ಅಪ್ಪ ಯಾವಾಗ ಬರುತ್ತಾನೆ ಎಂದು ನಾವು ಕೇಳಿದರೆ ಬಾಯಿ ಮೇಲೆ ಹೊಡೆಯುತ್ತಿದ್ದಳು. ಹೋದವರ ಬಗ್ಗೆ ನಾಳೆ ಹೀಗೆ ಎಂದು ಬಾಯಿಂದ ಆಡುವುದಿಲ್ಲ, ಅಷ್ಟೇ. ಅದನ್ನು ನೀವು ದಡ್ಡತನ ಎಂದಿರಿ. ಆಗಲಿ. ಹಾಗಾದರೆ ನಿಮ್ಮ ಮನೆಯಲ್ಲಿ ಯಾರಾದರೂ ಹೊರಟಾಗ 'ಹೋಗ್ತೇನೆ' ಎನ್ನದೆ 'ಬರ್ತೇನೆ' ಎನ್ನುತ್ತಿದ್ದದ್ದು ಯಾಕೆ? ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎಂದು ನಿಮಗೆ ಕಲಿಸಿದವರು ಯಾರು? ನಿಮ್ಮದು ಸಂಸ್ಕಾರ, ನಮ್ಮದು ಮೂಢನಂಬಿಕೆ. ಇಷ್ಟು ಬುದ್ಧಿ ಇರುವವರಿಗೆ ಇಷ್ಟು ಹೊಳೆಯಲಿಲ್ಲವಲ್ಲ.

ಭಟ್ಕಳದಲ್ಲಿ ಮೀನು ರವಾನೆಯ ಒಂದು ಆಫೀಸಿನಲ್ಲಿ ನಾನು ಫೋನು ಎತ್ತುವ ಕೆಲಸಕ್ಕೆ ಸೇರಿದ ಮೊದಲ ವಾರ, ಗೋವೆಯಿಂದ ಒಬ್ಬ ಇಂಗ್ಲಿಷಿನಲ್ಲಿ ಲಾರಿ ಯಾವಾಗ ಎಂದು ಕೇಳಿದ. 'ಲಾರಿ ವಿಲ್ ಕಮ್' ಎಂದೆ. ಅವನು 'ಓಕೆ ಮೇಡಂ' ಎಂದು ಫೋನು ಇಟ್ಟ. ನೀವು ಒಂದು ವರ್ಷ ಕೋಲು ಹಿಡಿದು ಕಲಿಸಲಾಗದ್ದು ಒಂದು ಲಾರಿಯಿಂದ ಬಂತು. ಲಾರಿಗೆ ಏನು ಹೇಳಿದರೂ ದೋಷವಿಲ್ಲ, ಅದು ಕಡಲಿಗೆ ಹೋಗುವುದಿಲ್ಲವಲ್ಲ. ಆ ದಿನ ಮೇಜಿನ ಹಿಂದೆ ಕೂತು ನಿಮ್ಮನ್ನು ನೆನೆಸಿಕೊಂಡೆ, ನೀವು ಎಷ್ಟು ಕೆಟ್ಟ ಮಾಸ್ತರು ಎಂದು ಆಗ ತಿಳಿಯಿತು. ಬೋರ್ಡಿನ ಮೇಲೆ ಅಪ್ಪನ ಬದಲು ಬಸ್ಸು ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ನಿಮಗೆ ಬೇಕಾದದ್ದು ವಾಕ್ಯ ಅಲ್ಲವೇ ಅಲ್ಲ, ಎದುರಿನವರು ಬಗ್ಗುವುದು.

ಮಹಾದೇವಿ ಮೊದಲ ಸಲ ಕ್ಲಾಸಿಗೆ ಬಂದ ಸಂಜೆ ಅದೇ ಮಾತು ನನ್ನೆದುರೇ ಬಂತು. ಅವಳು ಮೀನು ಮಾರುವವಳು. ಬೀಚಿಗೆ ಬರುವ ಹೊರಗಿನವರ ಜೊತೆ ನಾಲ್ಕು ಮಾತಾಡಲು ಬಂದರೆ ವ್ಯಾಪಾರ ಕುದುರುತ್ತದೆ ಎಂದು ಸೇರಿದವಳು. "ಅಕ್ಕೋರೆ, ನಮ್ಮನೆಯವ್ರು ಬೋಟಲ್ಲಿ ಅದಾರೆ. ಅವ್ರ ಮೇಲೆ ವಿಲ್ ಗಿಲ್ ಎಂತದೂ ಹಾಕೂದಿಲ್ಲ ನಾನು. ಬೇರೆ ಎಂತಾದ್ರೂ ಕೊಡಿ" ಅಂದಳು. "ಆತು" ಎಂದು ಮಂಜುಗಡ್ಡೆ ಕೊಟ್ಟೆ, ಬಸ್ಸು ಕೊಟ್ಟೆ, ಮೀನಿನ ದರ ಕೊಟ್ಟೆ. ಐಸ್ ವಿಲ್ ಮೆಲ್ಟ್. ಬಸ್ ವಿಲ್ ಬಿ ಲೇಟ್. ದರದ ವಾಕ್ಯವನ್ನಂತೂ ಅವಳು ಮಾರುಕಟ್ಟೆಗೆ ಒಯ್ದು ಐಸ್‌ಕ್ರೀಮು ತಿನ್ನುತ್ತಿದ್ದ ಒಬ್ಬ ಗಿರಾಕಿಯ ಮೇಲೆ ಪ್ರಯೋಗಿಸಿದಳು, 'ಟುಮಾರೋ ರೇಟ್ ವಿಲ್ ಗೋ ಅಪ್' ಎಂದು. ಅವನು ಹೆದರಿ ಎರಡು ಪಾಲು ಕೊಂಡ. ಅವಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸಲಿಲ್ಲ. ಅವಳು ಫೇಲೂ ಆಗಲಿಲ್ಲ.

ನಿಮ್ಮ ವರ್ಷಾಂತ ಮುಗಿದ ಸ್ವಲ್ಪ ದಿನಕ್ಕೆ ಮಾಳಿಗೆಯ ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುತ್ತಾ ನಿಂತಿದ್ದರು. ಬಗ್ಗಿ ನೋಡಿದರೆ ಶಾರದಕ್ಕ. ಹೌದು ಮಾಸ್ತರರೇ, ನಿಮ್ಮ ಹೆಂಡತಿ. ಕೈಯಲ್ಲಿ ಕೊಡೆ, ಕಂಕುಳಲ್ಲಿ ಒಂದು ಹೊಸ ಪಾಟಿ, ಚಿಕ್ಕ ಮಕ್ಕಳು ಬರೆಯಲು ತರುವಂಥ ಸ್ಲೇಟು. "ನಂಗೆ ಎಂತದೂ ಬತ್ತಿಲ್ಲೆ ಮಾರಾಯ್ತಿ. ಎಬಿಸಿಡಿಯಿಂದ ಹೇಳ್ಕೊಡು" ಅಂದರು. ಅವರ ಕೊಡೆ ತೆಗೆದುಕೊಂಡು ಒಳಗೆ ಕರೆದೆ. ಮೂರು ತಾಲೂಕಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ ಎಂದು ಮೆರೆದವರು ನೀವು. ನಿಮ್ಮ ಜಗಲಿಯಲ್ಲಿ ಟ್ಯೂಷನ್ ನಡೆಯುವಾಗ ಗೋಡೆಯ ಆಚೆ ಈ ಹೆಂಗಸು ಅಷ್ಟೂ ವರ್ಷ ಚಾ ಕುದಿಸುತ್ತಾ ನಿಂತಿದ್ದರು. ಬಾ, ನೀನೂ ಕೂತುಕೋ ಎಂದು ಒಮ್ಮೆಯಾದರೂ ಅಂದಿರಾ?

ಮಹಾದೇವಿಯ ಪಕ್ಕದಲ್ಲೇ ಶಾರದಕ್ಕ ಕೂತರು. ಮೀನು ವಾಸನೆ ಎನ್ನಲಿಲ್ಲ, ಸೆರಗು ಎಳೆದುಕೊಳ್ಳಲಿಲ್ಲ. ಅಕ್ಷರ ಬೇಗ ಹಿಡಿದರು, ಬಸ್ಸಿನ ಬೋರ್ಡು ಓದಲು ಕಲಿತರು. 'ವಿಲ್' ಬಂದಾಗ ನಾನು ಒಬ್ಬೊಬ್ಬರನ್ನೂ ನಾಳೆ ನೀವೇ ಮಾಡುವ ಒಂದು ಕೆಲಸ ಹೇಳಿ ಎಂದೆ. ಬೇರೆಯವರೆಲ್ಲ ಏನೋ ಒಂದು ಹೇಳಿದರು. ಶಾರದಕ್ಕ ಪಾಟಿ ನೋಡುತ್ತಾ ಕೂತರು. ವ್ಯಾಕರಣ ತೊಡಕಾಯಿತೇನೋ ಎಂದುಕೊಂಡು ಹತ್ತಿರ ಹೋದೆ. "ಅದು ಗೊತ್ತಾತು. ನಾಳೆ ಎಂತ ಮಾಡ್ತೆ ಅಂತ ನನ್ನ ಇಷ್ಟು ವರ್ಷ ಯಾರೂ ಕೇಳಿದ್ದೇ ಇಲ್ಲೆ. ಅವ್ರೇ ಹೇಳ್ತಿದ್ರು, ಇಷ್ಟು ಜನಕ್ಕೆ ಊಟ, ಇಷ್ಟು ಹೊತ್ತಿಗೆ ಅಂತ. ನಂದೇ ಅಂತ ಎಂತ ಹೇಳೂದು, ಯೋಚ್ನೆ ಮಾಡ್ತಾ ಇದ್ದೆ" ಅಂದರು. ಆವತ್ತು ಹೇಳಲೇ ಇಲ್ಲ. ಮುಂದಿನ ಕ್ಲಾಸಿನಲ್ಲೂ ಇಲ್ಲ. ನಾನು ಒತ್ತಾಯ ಮಾಡಲಿಲ್ಲ. ನಿಮ್ಮ ಮೇಲಿನ ಸಿಟ್ಟು ಆ ದಿನ ಬೇರೆಯೇ ಆಯಿತು ಮಾಸ್ತರರೇ. ಬೆಂಚಿನ ಮೇಲೆ ನನ್ನನ್ನು ಅರ್ಧ ದಿನ ನಿಲ್ಲಿಸಿದ್ದಿರಿ, ಅಷ್ಟೇ. ಅವರನ್ನು...

ಗಣಪತಿ ಅಷ್ಟರಲ್ಲಿ ಫೋಟೋಕ್ಕೆ ಚೌಕಟ್ಟು ಹಾಕಿಸಿದ್ದ. ಬಾಗಿಲಿನಷ್ಟು ಎತ್ತರದ್ದು, ಅದರಲ್ಲೂ ನೀವು ಯಾರಿಗೋ ತಪ್ಪು ತೋರಿಸುವವರ ಹಾಗೆ ಬೆರಳೆತ್ತಿದ್ದೀರಿ. ಭಾನುವಾರ ಅನಾವರಣ ಎಂದು ಎಲ್ಲರಿಗೂ ಹೇಳಿಯಾಗಿತ್ತು. ನಾನು ಕೈ ಮುಗಿಯುವುದಿಲ್ಲ ಎಂದೆ. ಹಾಗಾದರೆ ಸೋಮವಾರ ಬೀಗ ಎಂದ. ಹೆಂಗಸರು ನನ್ನ ಮುಖ ನೋಡಿದರು. ಮಹಾದೇವಿ, "ಅಕ್ಕೋರೆ, ಬರೀ ಫೋಟೋ ಅಲ್ದಾ, ಇರ್ಲಿ ಬಿಡಿ, ನಾವು ಬೇರೆ ಬದಿ ನೋಡೂದು" ಎಂದಳು. ಅವಳಿಗೆ ಕ್ಲಾಸು ಬೇಕಿತ್ತು. ನನಗೂ ಬೇಕಿತ್ತು. ಸತ್ತ ಮೇಲೂ ನೀವು ನನ್ನನ್ನು ಎಬ್ಬಿಸಿ ನಿಲ್ಲಿಸಿ, ಹೇಳು ಹೇಳು ಎನ್ನುತ್ತಿದ್ದೀರಲ್ಲ ಎಂದು ಅಸಹ್ಯವಾಯಿತು.

ಶನಿವಾರ ಸಂಜೆ ನಾನು ನಿಮ್ಮ ಮನೆಗೇ ಹೋಗಿದ್ದೆ, ಶಾರದಕ್ಕನಿಗೆ ವಿಷಯ ಹೇಳಿ ಕ್ಲಾಸು ನಿಲ್ಲಬಹುದು ಎನ್ನಲು. ಹೇಳಿ ಮುಗಿಸುವುದರೊಳಗೆ ಗಣಪತಿಯ ಸವಾರಿ ಬಂತು, ಹಿಂದೆ ಸಂಘದ ಇನ್ನಿಬ್ಬರು. ನಿಮ್ಮ ಆರಾಮ ಕುರ್ಚಿಗೆ ನಮಸ್ಕಾರ ಮಾಡಿ ಕೆಳಗೆ ಕೂತರು. "ಅಮ್ಮ, ನಾಳೆ ಅನಾವರಣ ಆದ್ಮೇಲೆ ಊಟ ಇಲ್ಲೇ ಅಂತ ಎಲ್ರಿಗೂ ಹೇಳಿ ಆಗಿದೆ. ಮಾಸ್ತರ್ರು ಇದ್ದಾಗ್ಲೂ ಹಂಗೇ ಅಲ್ದಾ, ಯಾರು ಬಂದ್ರೂ ನಿಮ್ಮ ಕೈ ಊಟ. ಮೂವತ್ತು ಜನ ಆಗೂದು. ಸಾಮಾನು ಬೆಳಿಗ್ಗೆ ಕಳ್ಸ್ತೆ" ಎಂದ ಗಣಪತಿ. ಕೇಳಲಿಲ್ಲ, ಹೇಳಿದ. ಥೇಟ್ ನಿಮ್ಮ ಹಾಗೆಯೇ.

ಶಾರದಕ್ಕ ಸೌತೆಕಾಯಿ ಹೆಚ್ಚುತ್ತಿದ್ದರು. ಮೆಟ್ಟುಗತ್ತಿಯಿಂದ ಏಳಲಿಲ್ಲ. ಮೊದಲು ಕನ್ನಡದಲ್ಲಿ ಹೇಳಿದರು: "ಅವ್ರ ಫೋಟೋ ನಿಂಗೆ ಬೇಕಾದ್ರೆ ನಿನ್ನ ಅಂಗ್ಡಿಲಿ ಹಾಕ್ಕ ಗಣಪತಿ. ಹೆಂಗಸ್ರು ಓದೋ ಜಾಗದಲ್ಲಿ ಬ್ಯಾಡ. ಬೀಗ ಹಾಕೂದಾದ್ರೆ ಹಾಕು, ಸೋಮವಾರದಿಂದ ಇಲ್ಲೇ ಜಗಲಿ ಮೇಲೆ ಕೂರ್ತೋ ನಾವು." ಗಣಪತಿ ನಕ್ಕು, "ಅದೆಲ್ಲ ಆಮೇಲೆ ನೋಡ್ವಾ ಅಮ್ಮ, ನಾಳೆ ಊಟದ್ದು..." ಎಂದು ಶುರು ಮಾಡಿದ.

ಶಾರದಕ್ಕ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು, ಕ್ಲಾಸಿನಲ್ಲಿ ತಿರುಗುವ ಹಾಗೆ. ಒಂದೊಂದೇ ಶಬ್ದ ಇಟ್ಟರು. "ಟುಮಾರೋ. ಐ ವಿಲ್. ನಾಟ್ ಕುಕ್."

ಅರ್ಥ ಹೇಳು ಎಂಬಂತೆ ಗಣಪತಿ ನನ್ನನ್ನು ನೋಡಿದ. ನಾನು ಹೇಳಲಿಲ್ಲ. ಇಂಗ್ಲಿಷನ್ನು ಅವನಿಗೆ ನೀವೇ ಕಲಿಸಿದ್ದಿರಲ್ಲ.

ಈಗ ನಿಮಗೆ ತಲುಪದ ಸುದ್ದಿ ಹೇಳಿ ಮುಗಿಸುತ್ತೇನೆ. ಆ ನಾಳೆ ಬಂತು ಮಾಸ್ತರರೇ. ಗಣಪತಿಯ ಸಾಮಾನಿನ ರಿಕ್ಷಾ ಬಂದು, ಬಾಗಿಲು ಬಡಿದು, ವಾಪಸು ಹೋಯಿತು. ಶಾರದಕ್ಕ ಒಳಗಿರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನನ್ನ, ಮಹಾದೇವಿಯ ನಡುವೆ ಕೂತು ಬನ್ಸ್ ತಿನ್ನುತ್ತಿದ್ದರು. ಎರಡನೆಯದನ್ನೂ ತರಿಸಿಕೊಂಡರು. ನಿಮ್ಮ ಮನೆಯಲ್ಲಿ ಆವತ್ತು ಒಲೆ ಹೊತ್ತಲಿಲ್ಲ.

ಬಾಡದ ಸುಮಿತ್ರಾ