ಇವರ ಗಿಟಾರಿಗೆ ಪೆಡಲ್ ಬೇಕೆ?

ಯಲಹಂಕ ಉಪನಗರ
ಬುಧವಾರ, 19 ನವೆಂಬರ್ 2025

ತೇಜಸ್ವಿನಿಗೆ ಪಂಕಜಕ್ಕ ಬರೆಯುತ್ತಿರುವುದು.

ಹೇಗಿದ್ದೀಯಮ್ಮ? ಗಂಟಲು ಹುಷಾರಾಗಿದೆ ತಾನೆ? ಭಾನುವಾರ ನಮ್ಮ ಬಡಾವಣೆಯ ರಾಜ್ಯೋತ್ಸವ ಮುಗಿಯುವ ತನಕ ಐಸ್‌ಕ್ರೀಮು, ಫ್ರಿಜ್ ನೀರು ಮುಟ್ಟಬೇಡ. ಹೊಟ್ಟೆಯಲ್ಲಿ ಇಷ್ಟು ಉರಿ ಇಟ್ಟುಕೊಂಡೂ ನಿನ್ನ ಗಂಟಲಿನ ಯೋಗಕ್ಷೇಮ ಕೇಳುತ್ತಿದ್ದೇನೆ ಅಂದರೆ ನಾನು ಎಂಥ ಒಳ್ಳೆಯವಳು ನೋಡು.

ಮೊನ್ನೆ ಫೋನ್ ಮಾಡಿ ನೀನು ಒಂದು ಪ್ರಶ್ನೆ ಕೇಳಿದೆ. ಅಕ್ಕಾ, ನಿರಂಜನ್ ಕಾಲ್ ಹತ್ರ ಇಟ್ಕೊಂಡಿರೋ ಆ ಮೂರು ಪೆಡಲ್ ನಿಜವಾಗ್ಲೂ ಬೇಕಾ, ಬರೀ ಗಿಟಾರ್ ಇದ್ದಾಗ್ಲೇ ಎಷ್ಟ್ ಚೆನ್ನಾಗಿತ್ತು, ನೀವ್ ಹೇಳಿದ್ರೆ ಕೇಳ್ತಾರೆ, ಒಂದ್ ಮಾತು ಹೇಳಿ ಅಕ್ಕಾ ಅಂತ. ಯೋಚನೆ ಮಾಡಿ ಹೇಳ್ತೀನಿ ಅಂದು ಇಟ್ಟುಬಿಟ್ಟೆ. ಆಮೇಲೆ ವಾಟ್ಸಾಪಿನಲ್ಲಿ ಉತ್ತರ ಬರೆದೆ, ಅಳಿಸಿದೆ, ಮತ್ತೆ ಬರೆದೆ, ಮತ್ತೆ ಅಳಿಸಿದೆ. ನೀನು ಅದನ್ನು ಹಾಗೇ ಇವರಿಗೆ ಫಾರ್ವರ್ಡ್ ಮಾಡಿಬಿಟ್ಟರೆ ನನ್ನ ಗತಿ ಏನು? ಅದಕ್ಕೇ ಕಾಗದ. ಎದುರುಮನೆ ಶಿಲ್ಪ ನಾಳೆ ಹಲ್ಲು ತೋರಿಸಲು ಅಮೃತಹಳ್ಳಿಗೆ, ನಿನ್ನ ಕ್ಲಿನಿಕ್ಕಿಗೆ ಬರುತ್ತಾಳಲ್ಲ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳ ಕುತೂಹಲ ಗೊತ್ತಿರುವುದರಿಂದ ಕವರಿಗೆ ಅಂಟು ಹಾಕಿ ಮೇಲೆ ಟೇಪನ್ನೂ ಸುತ್ತಿದ್ದೇನೆ. ಬಿಡಿಸಲು ನಿನ್ನ ಚೂಪು ಸಾಮಾನುಗಳಲ್ಲಿ ಯಾವುದಾದರೂ ಬೇಕಾದೀತು.

ಪೆಡಲ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಇದನ್ನು ಹೇಳಿಬಿಡಲಿ. ನೀನು ನನ್ನನ್ನು ಅಕ್ಕ ಅನ್ನುತ್ತೀಯ, ಸಂತೋಷ. ಅಕ್ಕನ ಗಂಡನನ್ನು ಏನನ್ನಬೇಕು? ಭಾವ ಅನ್ನಬೇಕು. ನೀನು ನಿರಂಜನ್ ಅನ್ನುತ್ತೀಯ. ಹದಿನೆಂಟು ವರ್ಷ ಸಂಸಾರ ಮಾಡಿದ ನಾನೇ ಇವತ್ತಿಗೂ ಇವರು, ನಮ್ಮವರು, ಏನ್ರೀ ಅಂದುಕೊಂಡು ಕಾಲ ಹಾಕುತ್ತಿರುವಾಗ, ಮೊನ್ನೆ ಮೊನ್ನೆ ಪರಿಚಯವಾದ ನೀನು ಮೈಕಿನಲ್ಲಿ, ನಿರಂಜನ್, ಸ್ವಲ್ಪ ಶ್ರುತಿ ಕೊಡಿ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳಿಬಿಟ್ಟೆ. ಇದು ಹೊಟ್ಟೆಕಿಚ್ಚು. ಬೇರೆ ಯಾವುದಾದರೂ ಮರ್ಯಾದಸ್ಥ ಹೆಸರು ಕೊಡೋಣ ಅಂತ ನೋಡಿದೆ, ಸಿಗಲಿಲ್ಲ.

ಇದು ಶುರುವಾಗಿದ್ದು ಗಣೇಶನ ಹಬ್ಬದ ದಿನ. ಅವತ್ತು ಇವರ ಹತ್ತಿರ ಇದ್ದದ್ದು ಕಾಲೇಜು ದಿನಗಳ ಅದೇ ಗಿಟಾರು, ಒಂದು ವೈರು, ಟಿಫಿನ್ ಕ್ಯಾರಿಯರ್ ಗಾತ್ರದ ಒಂದು ಸ್ಪೀಕರು. ಅಷ್ಟೇ. ನೀನು ಹಸಿರು ಸೀರೆ ಉಟ್ಟು ಹಾಡಿದೆ. ಚೆನ್ನಾಗಿ ಹಾಡಿದೆ, ಅದರಲ್ಲಿ ಎರಡು ಮಾತಿಲ್ಲ, ನನ್ನ ಕಿವಿಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಇವರು ನಿನ್ನ ಬಾಯಿಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ನೀನು ಹಲ್ಲಿನ ಡಾಕ್ಟರು, ದಿನವಿಡೀ ಊರವರ ಬಾಯಿ ನೋಡುವುದು ನಿನ್ನ ಕೆಲಸ. ಇನ್ಶೂರೆನ್ಸ್ ಆಫೀಸಿನಲ್ಲಿ ಕೂತು ಬರುವ ಈ ಮನುಷ್ಯನಿಗೆ ನಿನ್ನ ಬಾಯಿ ನೋಡುವ ಡ್ಯೂಟಿ ಕೊಟ್ಟವರು ಯಾರು? ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಶಿಲ್ಪ ಮೊಣಕೈಯಿಂದ ತಿವಿದು, ನಿಮ್ ಯಜಮಾನ್ರು ಏನ್ ಕಣ್ರೀ ಹಂಗ್ ನೋಡ್ತಾರೆ, ರೆಪ್ಪೆನೂ ಮಿಟುಕಿಸ್ತಿಲ್ಲ ಅಂದಳು. ನಾನು ನಕ್ಕೆ.

ಮನೆಯಲ್ಲಿ ಇವರು ನನ್ನನ್ನು ನೋಡುವುದಿಲ್ಲ ಅಂತಲ್ಲ. ನೋಡುತ್ತಾರೆ. ಉಪ್ಪಿನಕಾಯಿ ಎಲ್ಲಿ ಅಂತ ಕೇಳುವಾಗ ನೋಡುತ್ತಾರೆ, ಗ್ಯಾಸ್ ಬುಕ್ ಮಾಡಿದ್ಯಾ ಅಂತ ಕೇಳುವಾಗ ನೋಡುತ್ತಾರೆ. ಹೊಸ ಸೀರೆ ಉಟ್ಟು ಎದುರಿಗೆ ನಿಂತರೆ ಪಕ್ಕಕ್ಕೆ ಬಾಗಿ ಟಿವಿ ನೋಡುತ್ತಾರೆ. ಆ ಕಣ್ಣಲ್ಲಿ ಅಷ್ಟೊಂದು ಗಮನ ಇರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ ಕಣೇ. ಅದೆಲ್ಲ ನಿನ್ನ ಪಾಲಿಗೆ ಹೋಗುತ್ತಿತ್ತು. ನನ್ನ ಗಂಡನ ಕಣ್ಣು ನನಗೆ ಬೇಕು, ಅಷ್ಟೇ ನನ್ನ ತಕರಾರು.

ಈಗ ಪೆಡಲ್. ಅವನ್ನು ಇವರು ಆಸೆಪಟ್ಟು ಕೊಂಡರು ಅಂದುಕೊಂಡಿದ್ದೀಯ. ಅಲ್ಲ, ನಾನು ತಂದದ್ದು. ಅಕ್ಟೋಬರಿನಲ್ಲಿ ಇವರ ಗಿಟಾರಿಗೆ ತಂತಿ ಹಾಕಿಸಲು ಆರ್.ಟಿ. ನಗರದ ವಹಾಬನ ಅಂಗಡಿಗೆ ನಾನೇ ಹೋಗಿದ್ದೆ. ಅವನು ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವವನು, ಮಾತಿನ ಮಲ್ಲ. ಗಾಜಿನ ಕಪಾಟಿನೊಳಗೆ ಬಣ್ಣಬಣ್ಣದ ಪುಟ್ಟ ಪೆಟ್ಟಿಗೆಗಳಿದ್ದವು. ಏನಪ್ಪಾ ಇವು ಅಂದೆ. ಪೆಡಲ್ ಮೇಡಂ, ಕಾಲಲ್ಲಿ ಒತ್ತಿದ್ರೆ ಗಿಟಾರ್ ಸೌಂಡೇ ಬದಲಾಗುತ್ತೆ ಅಂತ ಒಂದೊಂದನ್ನೇ ತೋರಿಸಿದ. ಒಂದು, ಗುಡಿಯೊಳಗೆ ಕೂತು ನುಡಿಸಿದಂತೆ ಗುಂಯ್‌ಗುಡಿಸುತ್ತದೆ. ಇನ್ನೊಂದು, ನುಡಿಸಿದ್ದನ್ನೇ ಮತ್ತೆ ಮತ್ತೆ ಹೇಳುತ್ತದೆ. ಮೂರನೆಯದು, ಒಬ್ಬರು ನುಡಿಸಿದರೂ ಇಬ್ಬರು ನುಡಿಸಿದಂತೆ ಕೇಳಿಸುತ್ತದೆ. ಭಾವಗೀತೆಗೆ ಇದೆಲ್ಲ ಬೇಕೇನಪ್ಪಾ ಅಂದೆ. ಕಂಪಲ್ಸರಿ ಏನಿಲ್ಲ ಮೇಡಂ, ಆದ್ರೆ ಒಂದ್ಸಲ ರುಚಿ ಹತ್ತಿದ್ರೆ ತಲೆನೇ ಎತ್ತಲ್ಲ, ಬರೀ ಕೆಳಗೇ ನೋಡ್ಕೊಂಡು ಒತ್ತುತ್ತಾ ಇರ್ತೀವಿ, ಸ್ಟೇಜ್ ಮೇಲೆ ಯಾರಿದ್ದಾರೆ ಅಂತಾನೂ ಗೊತ್ತಾಗಲ್ಲ, ನನ್ ಹೆಂಡ್ತಿ ಅದಕ್ಕೇ ಬೈತಾಳೆ ಅಂದ.

ತಲೆನೇ ಎತ್ತಲ್ಲ ಅಂದನಲ್ಲ, ನನಗೆ ಅಷ್ಟು ಸಾಕಾಯಿತು. ಮೂರನ್ನೂ ಕಟ್ಟಿಕೊಡು ಅಂದೆ.

ಇವರ ಹುಟ್ಟುಹಬ್ಬಕ್ಕೆ ಕೊಟ್ಟೆ. ಇವರು ಡಬ್ಬ ಬಿಚ್ಚಿ ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿದರು. ನಾನು ನುಡಿಸೋ ನಾಲ್ಕು ಹಾಡಿಗೆ ಇವೆಲ್ಲಾ ಯಾಕೆ ಪಂಕಜಾ ಅಂದರು. ನಾನು ವಹಾಬನಿಂದ ಕಲಿತ ಪಾಠ ಒಪ್ಪಿಸಿದೆ. ಈಗಿನ ಕಾಲದಲ್ಲಿ ಬರೀ ಗಿಟಾರ್ ನುಡಿಸಿದ್ರೆ ಯಾರ್ರೀ ಕೇಳ್ತಾರೆ, ಸೌಂಡು ಸಪ್ಪೆ ಅನ್ಸುತ್ತೆ ಅಂದೆ. ನನಗೂ ಸಂಗೀತಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಅಂತ ಇವರಿಗೆ ಗೊತ್ತು. ಆದರೂ ತಲೆ ಆಡಿಸಿದರು.

ರಾಜ್ಯೋತ್ಸವದ ಮೊದಲ ಎರಡು ಪ್ರಾಕ್ಟೀಸು ನನ್ನ ಪಾಲಿಗೆ ಹಬ್ಬ. ಕಾಫಿ ಕೊಡುವ ನೆಪದಲ್ಲಿ ಸಮುದಾಯ ಭವನಕ್ಕೆ ಬಂದು ಬಾಗಿಲಲ್ಲಿ ನಿಂತು ನೋಡಿದೆ. ನೀನು ಹಾಡುತ್ತಿದ್ದೀಯ, ಇವರು ಮೂರು ಪೆಟ್ಟಿಗೆ ನೋಡಿಕೊಂಡು ಕಾಲು ಎತ್ತಿ ಇಡುತ್ತಿದ್ದಾರೆ. ನಿನ್ನ ಮುಖ ಹಾಗಿರಲಿ, ನಿನ್ನ ಸೆರಗಿನ ಅಂಚೂ ಇವರಿಗೆ ಕಾಣುತ್ತಿರಲಿಲ್ಲ. ಹಾಡು ಎಕ್ಕುಟ್ಟಿ ಹೋಗುತ್ತಿತ್ತು, ಹೋಗಲಿ ಬಿಡು ಅಂದುಕೊಂಡೆ. ಅವತ್ತು ನಿನಗೆ ಕಾಫಿಯ ಜೊತೆ ಕೋಡುಬಳೆಯನ್ನೂ ಕೊಟ್ಟೆನಲ್ಲ, ಅದು ಆ ಖುಷಿಗೆ.

ಮೂರನೆಯ ಪ್ರಾಕ್ಟೀಸಿಗೆ ನನ್ನ ಬುದ್ಧಿಗೆ ನಾನೇ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಆ ಪೆಟ್ಟಿಗೆಗಳ ತಿರುಗಣೆ ಇರುವುದು ನೆಲದ ಮೇಲೆ. ಇವರ ಎರಡೂ ಕೈ ಗಿಟಾರಿನ ಮೇಲೆ. ತಿರುಗಿಸುವವರು ಯಾರು? ನಾನು ಫ್ಲಾಸ್ಕ್ ಹಿಡಿದು ಬಾಗಿಲಿಗೆ ಬಂದರೆ, ನೀನು ಇವರ ಕಾಲ ಬಳಿ ಮಂಡಿ ಮಡಚಿ ಕೂತಿದ್ದೀಯ. ಇನ್ನೊಂಚೂರು, ಇನ್ನೊಂಚೂರು, ಹಾಂ ಸಾಕು ಅಂತ ಇವರು ಮೇಲಿನಿಂದ ಹೇಳುತ್ತಿದ್ದಾರೆ, ನೀನು ಕೆಳಗಿನಿಂದ ತಿರುಗಿಸುತ್ತಿದ್ದೀಯ, ನಿನ್ನ ಜಡೆ ಇವರ ಶೂ ಮೇಲೆ ಬಿದ್ದಿದೆ. ಇಬ್ಬರೂ ನಗುತ್ತಿದ್ದಿರಿ. ಮುಖ ನೋಡುವುದನ್ನು ತಪ್ಪಿಸಲು ಹೋಗಿ ನಾನೇ ಕೈಯಾರೆ ನಿನ್ನನ್ನು ಇವರ ಪಾದದ ಹತ್ತಿರ ಕೂರಿಸಿದ್ದೆ. ಕಾಫಿ ಕೊಡದೆ ವಾಪಸ್ಸು ಹೋದೆ. ದಾರಿಯಲ್ಲಿ ಸಿಕ್ಕ ವಾಚ್‌ಮನ್‌ಗೆ ಅಷ್ಟನ್ನೂ ಕುಡಿಸಿದೆ.

ಇಷ್ಟೇ ಆಗಿದ್ದರೆ ನಾನು ನಿನಗೆ ಕಾಗದ ಬರೆಯುತ್ತಿರಲಿಲ್ಲ. ಫೋನಿನಲ್ಲೇ ಜಗಳ ಆಡಿ ಮುಗಿಸುತ್ತಿದ್ದೆ.

ಕಳೆದ ಶನಿವಾರ ನಿನಗೆ ಬರುವುದು ತಡವಾಯಿತು ನೋಡು, ಯಾರದೋ ದವಡೆ ಹಲ್ಲು ಅಂತ. ಮೈಕಿನವನು ಬಂದು ಕೂತಿದ್ದ, ಅವನಿಗೆ ಹೆಬ್ಬಾಳದಲ್ಲಿ ಇನ್ನೊಂದು ಕಾರ್ಯಕ್ರಮ, ಬೇಗ ಟೆಸ್ಟ್ ಮಾಡ್ಕೊಳಿ ಸಾರ್ ಅಂತ ಒಂದೇ ಸಮನೆ ಗೊಣಗುತ್ತಿದ್ದ. ಇವರು ಪೆಡಲ್ ಹಚ್ಚಿದರೆ ಕುಂಯ್ ಅಂತ ಸದ್ದು. ಬೇಸತ್ತು ಎಲ್ಲದರ ವೈರು ಕಿತ್ತು, ಗಿಟಾರನ್ನು ನೇರವಾಗಿ ಸ್ಪೀಕರಿಗೇ ಸಿಕ್ಕಿಸಿದರು. ಆಮೇಲೆ ಸುತ್ತ ನೋಡಿ, ಪಂಕಜಾ, ಬಾರೇ ಇಲ್ಲಿ, ಮೈಕ್ ಮುಂದೆ ನಿಂತ್ಕೊಂಡು ಏನಾದ್ರೂ ಹಾಡು ಅಂದರು. ಅಯ್ಯೋ ನಾನಾ, ಬೇಡಿ ಅಂದೆ. ಯಾವ್ದಾದ್ರೂ ಪರ್ವಾಗಿಲ್ಲ ಬಾ ಅಂದರು. ನನಗೆ ಬರುವುದು ನಮ್ಮಮ್ಮ ಹೇಳಿಕೊಟ್ಟ ಒಂದು ಹಸೆಹಾಡು, ಮದುವೆಯಲ್ಲಿ ಹೆಣ್ಣನ್ನು ಹಸೆಗೆ ಕರೆಯುವಾಗ ಹಾಡುವುದು. ಅದನ್ನೇ ಶುರು ಮಾಡಿದೆ.

ತೇಜು, ಇವರು ನನ್ನನ್ನು ನೋಡಿದರು.

ನಿನ್ನನ್ನು ನೋಡುತ್ತಾರಲ್ಲ, ಹಾಗೇ. ರೆಪ್ಪೆ ಮಿಟುಕಿಸದೆ. ನನ್ನ ತುಟಿ, ಗಂಟಲು, ಹೆಗಲು ಏರಿಳಿಯುವುದು, ಎಲ್ಲವನ್ನೂ. ನನಗೆ ನಾಚಿಕೆಯಾಗಿ ಸ್ವರ ನಡುಗಿತು. ಇವರು ನಡುಗಲಿಲ್ಲ, ನಿಧಾನ ಮಾಡಿದರು. ನಾನು ಸಾಲಿನ ಮಧ್ಯೆ ಉಸಿರಿಗೆ ನಿಂತರೆ ಇವರ ಬೆರಳೂ ತಂತಿಯ ಮೇಲೆ ನಿಂತಿತು. ನಾನು ಮತ್ತೆ ಎತ್ತಿಕೊಂಡಾಗ ಅದೂ ಎದ್ದಿತು. ನಾನು ಅಪಸ್ವರದಲ್ಲಿ ಹಾಡುತ್ತಿದ್ದೇನೆ ಎಂಬುದು ನನಗೆ ಗೊತ್ತು, ಆದರೂ ಯಾರೋ ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದ ಹಾಗಿತ್ತು. ಆಗ ಹೊರಗೆ ನಿನ್ನ ಸ್ಕೂಟರ್ ನಿಂತಿತು. ಸಾಕು ಪಂಕಜಾ, ಸೌಂಡ್ ಸೆಟ್ ಆಯ್ತು ಅಂದುಬಿಟ್ಟರು. ನೀನು ಸಾರಿ ಸಾರಿ ಅಂತ ಓಡಿ ಬಂದೆ. ನಾನು ಇಳಿದು ಬಂದೆ. ಗಣೇಶನ ಹಬ್ಬದ ದಿನಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಆ ಕ್ಷಣ.

ವಾಪಸ್ಸು ಬರುವಾಗ ಕಾರಿನಲ್ಲಿ ತಡೆಯಲಾರದೆ ಕೇಳಿಯೇಬಿಟ್ಟೆ, ಹಾಡೋರನ್ನ ಯಾಕ್ರೀ ಹಂಗ್ ನೋಡ್ತೀರಿ ಅಂತ. ಇವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಉಸಿರು ನೋಡ್ದೆ ಹೆಂಗೆ ನುಡಿಸ್ಲಿ, ಅವ್ರು ಉಸಿರು ಎಳ್ಕೊಂಡಾಗ್ಲೇ ನನಗೆ ಮುಂದಿಂದು ಗೊತ್ತಾಗೋದು ಅಂದರು. ಮತ್ತೆ ಆ ಪೆಡಲ್ ಯಾಕ್ ಇಟ್ಕೊಂಡಿದ್ದೀರಿ, ಅವಿದ್ರೆ ಕೆಳಗೇ ನೋಡ್ಬೇಕಲ್ಲ ಅಂದೆ. ನೀನು ಅಷ್ಟ್ ಆಸೆಯಿಂದ ತಂದ್ಕೊಟ್ಟೆ, ಬೇಡ ಅಂತ ಹೆಂಗ್ ಹೇಳ್ಲಿ ಅಂದರು. ಸಿಗ್ನಲ್ಲು ಹಸಿರಾಯಿತು, ಗೇರ್ ಹಾಕಿದರು. ನಾನು ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ನಿನ್ನ ಮೇಲಿದ್ದ ಅನುಮಾನ ಅಲ್ಲಿಗೆ ಹೋಯಿತು. ಹೊಟ್ಟೆಕಿಚ್ಚು ಹೋಗಲಿಲ್ಲ. ಅನುಮಾನವಾದರೂ ಇದ್ದಿದ್ದರೆ ಬೈದು ಹಗುರಾಗುತ್ತಿದ್ದೆ, ಈಗ ಯಾರನ್ನು ಬೈಯಲಿ? ಹದಿನೆಂಟು ವರ್ಷ ಅದೇ ಮನೆಯಲ್ಲಿ, ಅದೇ ಮಂಚದ ಮೇಲೆ ನಾನೂ ಉಸಿರಾಡಿಕೊಂಡೇ ಇದ್ದೇನೆ. ಒಮ್ಮೆಯಾದರೂ ಇವರು ಅದನ್ನು ನೋಡಿದವರಲ್ಲ. ನೀನು ಬಾಯಿ ತೆರೆದರೆ ಸಾಕು, ಪುಕ್ಕಟೆಯಾಗಿ ಸಿಗುತ್ತದೆ.

ಇರಲಿ. ನಿನ್ನ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಪೆಡಲ್ ಬೇಡ. ನಮ್ಮ ಸಮುದಾಯ ಭವನಕ್ಕೆ ಇರುವುದು ತಗಡಿನ ಮಾಡು, ಅಲ್ಲಿ ಕೆಮ್ಮಿದರೂ ಮಾರ್ದನಿ ಬರುತ್ತದೆ, ಇನ್ನು ಗುಂಯ್‌ಗುಡಿಸುವ ಪೆಟ್ಟಿಗೆ ಯಾಕೆ? ನೀನು ಸಾಲು ಮುಗಿಸಿ ಉಸಿರೆಳೆಯುವ ಜಾಗದಲ್ಲಿ ಹಳೆಯ ಸಾಲಿನ ನಾದ ಮತ್ತೆ ಮತ್ತೆ ಬಂದು ಕೂತರೆ ಮುಂದಿನದನ್ನು ಎತ್ತಿಕೊಳ್ಳುವುದು ಹೇಗೆ? ಇಬ್ಬರು ನುಡಿಸಿದ ಹಾಗೆ ಕೇಳಿಸುವುದಂತೂ ಬೇಡವೇ ಬೇಡ, ಇವರೊಬ್ಬರನ್ನೇ ಕಾಯುವುದು ನನಗೆ ಸಾಕಾಗಿದೆ. ಇಂದು ಬೆಳಿಗ್ಗೆ ಇವರು ಆಫೀಸಿಗೆ ಹೊರಡುವಾಗ, ಬರೀ ಗಿಟಾರೇ ಚೆನ್ನಾಗಿರುತ್ತೆ ಕಣ್ರೀ ಅಂದೆ. ಅಬ್ಬಾ, ಮುಖ ನೋಡಬೇಕಿತ್ತು, ಪರೀಕ್ಷೆ ಮುಂದಕ್ಕೆ ಹೋದ ಹುಡುಗನ ಹಾಗೆ ಅರಳಿತು. ಮೂರನ್ನೂ ಡಬ್ಬಕ್ಕೆ ಹಾಕಿ ಅಟ್ಟದ ಮೇಲಿಟ್ಟಿದ್ದೇನೆ.

ಹಾಗಾಗಿ ಭಾನುವಾರ ಒಂದು ಗಂಟೆ ಪೂರ್ತಿ ಇವರು ನಿನ್ನನ್ನೇ ನೋಡುತ್ತಾರೆ. ನೋಡಲಿ. ನಾನು ಮುಂದಿನ ಸಾಲಿನಲ್ಲೇ ಕೂರುತ್ತೇನೆ, ಶಿಲ್ಪ ತಿವಿದರೆ ನಾನೂ ತಿವಿಯುತ್ತೇನೆ. ಉರಿಯುವುದು ಉರಿದೇ ಉರಿಯುತ್ತದೆ, ನೀನು ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳದೆ ಚೆನ್ನಾಗಿ ಹಾಡು. ಮೈಕಿನಲ್ಲಿ ಮಾತ್ರ ಇವರನ್ನು ಹೆಸರು ಹಿಡಿದು ಕರೆಯಬೇಡ. ಭಾವ ಅನ್ನಲು ನಾಚಿಕೆಯಾದರೆ ಸಾರ್ ಅನ್ನು.

ನಿನ್ನ ಮೇಲೆ ಕೋಪವೂ ಇಲ್ಲದ, ಪೂರ್ತಿ ಪ್ರೀತಿಯೂ ಇಲ್ಲದ,
ಪಂಕಜಕ್ಕ

ಮತ್ತೊಂದು ಮಾತು: ಶನಿವಾರದ ಕೊನೆಯ ಪ್ರಾಕ್ಟೀಸು ಐದು ಗಂಟೆಗೆ ಅಂತ ಇವರು ನಿನಗೆ ಮೆಸೇಜ್ ಮಾಡಿರುತ್ತಾರೆ. ನೀನು ಐದೂವರೆಗೆ ಬಂದರೆ ಸಾಕು. ಯಾರದಾದರೂ ಹಲ್ಲು ಕೀಳುವುದಿದ್ದರೆ ಅವಸರ ಮಾಡಬೇಡ. ಇವರು ಕೇಳಿದರೆ ಟ್ರಾಫಿಕ್ ಅನ್ನು. ಅಲ್ಲಿಯವರೆಗೆ ಮೈಕಿನ ಮುಂದೆ ನಾನು ನಿಂತಿರುತ್ತೇನೆ.