ಇಲ್ಲದ ಬ್ರೇಕು ತುಳಿದ ಕಾಲು

ಮೆರ್ಲೆ,

ನೀನು ಏಳುವ ಹೊತ್ತಿಗೆ ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿರುತ್ತೇನೆ. ಬೇಳೆ ಸೂಪು ಒಲೆಯ ಮೇಲಿದೆ, ಬಿಸಿ ಮಾಡಿಕೋ. ಕಾರಿನ ಕೀ ಹುಡುಕಬೇಡ, ನನ್ನ ಚೀಲದಲ್ಲಿದೆ.

ಈಗಷ್ಟೇ ನಿನ್ನ ಸ್ಪೋರ್ಟ್ಸ್ ಕಾರಿನ ಹಿಂದಿನ ಟೈರಿನ ಗೆರೆಯೊಳಗೆ ಒಂದು ಯೂರೋ ನಾಣ್ಯ ತೂರಿಸಿ ನೋಡಿದೆ. ಗೆರೆಯಲ್ಲಿ ಮುಳುಗಬೇಕಾದ ನಾಣ್ಯದ ಹಳದಿ ಅಂಚು ಪೂರ್ತಿ ಹೊರಗೇ ಇತ್ತು! ಮುಂದಿನವು ಹೊಸವು ಅಂತ ಹಿಂದಿನವನ್ನು ನೋಡಲೇ ಇಲ್ಲವಾ? ಆ ಬೋಳು ಟೈರಿನಲ್ಲಿ, ಐಫೆಲ್ ಬೆಟ್ಟಗಳ ಮಳೆಗೆ ನೆಂದ ರೇಸ್ ಟ್ರ್ಯಾಕಿಗೆ, ಹೆತ್ತವಳನ್ನು ಕೂರಿಸಿಕೊಂಡು ಹೋದೆಯಲ್ಲೇ! ಟೈರಂಗಡಿಯ ಡೆಟ್ಲೆಫ್‌ಗೆ ಫೋನ್ ಮಾಡಿ ಎರಡು ಟೈರು ತರಿಸು. ಅಲ್ಲಿಯ ತನಕ ಕೀ ಕೊಡುವುದಿಲ್ಲ.

ಆದರೂ ಕಣ್ಣು ಮುಚ್ಚಿದರೆ ನಿನ್ನೆಯ ಆ ತಿರುವೇ ಬರುತ್ತದೆ. ಕಾರಿನ ಹಿಂಭಾಗ ಜಾರಿದ್ದೇ ತಡ, ಸ್ಕೂಲಿನ ಕಾರಿನಲ್ಲಿ ನನ್ನ ಕಡೆಗೂ ಇರುವ ಬ್ರೇಕನ್ನು ಹುಡುಕಿ ನನ್ನ ಕಾಲು ಬರೀ ನೆಲ ತುಳಿಯಿತು. ನೀನು ಬ್ರೇಕ್ ಮುಟ್ಟಲೇ ಇಲ್ಲ. ಆಕ್ಸಿಲರೇಟರಿನ ಮೇಲೆ ಕಾಲು ಅಲುಗದಂತಿಟ್ಟು, ನಿದ್ದೆಹೋದ ಮಗುವನ್ನು ಮಗ್ಗುಲು ಹೊರಳಿಸುವಷ್ಟು ಮೆಲ್ಲಗೆ, ಜಾರಿದ ಕಡೆಗೇ ಸ್ಟೀರಿಂಗ್ ತಿರುಗಿಸಿದೆ. ಕಾರು ತಾನಾಗಿ ನೆಟ್ಟಗಾಯಿತು. ಇಂಥ ಕೈ ನಿನಗೆ ಎಲ್ಲಿಂದ ಬಂತೇ?

"ಕಾಲು ತೆಗಿಯಮ್ಮಾ, ಅಲ್ಲೇನಿಲ್ಲ" ಅಂತ ನಕ್ಕೆ ಬೇರೆ.

ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವಳು ನಾನು. ಅಲ್ಲೊಂದು ಬ್ರೇಕ್ ಇದ್ದಿದ್ದರೆ, ಅದನ್ನು ತುಳಿದು, ಟೈರಿಗೆ ಉಳಿದಿದ್ದ ಚೂರು ಹಿಡಿತವನ್ನೂ ತಪ್ಪಿಸಿ ನಮ್ಮಿಬ್ಬರನ್ನೂ ತಡೆಗೋಡೆಗೆ ಅಪ್ಪಳಿಸುತ್ತಿದ್ದವಳೂ ನಾನೇ.

ಅಮ್ಮ