ಬೀಳಗಿ ದವಾಖಾನೆಯ ಗೇಟು

ಅಪ್ಪಾ,

ಇಂದು ಬೆಳಿಗ್ಗೆ ಕಬ್ಬಿನ ಹೊಲದಲ್ಲಿ ಇಂದ್ರವ್ವ ಚಿಗವ್ವನಿಗೆ ಹಾವು ಕಚ್ಚಿತು. ನಿನ್ನನ್ನು ಒಯ್ದ ಅದೇ ಬೈಕಿನಲ್ಲಿ, ಸರ್ಕಾರಿ ದವಾಖಾನೆಗೇ ಹೋಗಬೇಕೆಂಬ ಅವಳ ಹಟಕ್ಕೆ, ಬೀಳಗಿಗೆ ಒಯ್ದೆ. ತಡಮಾಡದೆ ವಿಷ ಇಳಿಸುವ ಔಷಧ ಏರಿಸಿದರು. ಸಂಜೆ ಎದ್ದು ಕುಳಿತು, "ಚಾ ತಾರಲೇ, ಸಾಲಿ ಬಿಟ್ಟರೂ ಗಾಡಿ ಛಲೋ ಹೊಡೀತಿ" ಎಂದಳು.

ನಾನು ನರ್ಸನ್ನು ಕೇಳಿದೆ. "ಈ ಔಷಧ ಯಾವಾಗ ಬಂತ್ರಿ?"

"ಯಾವಾಗ್ಲೂ ಇರತೈತೋ ತಮ್ಮಾ. ಹೋದ ವರ್ಷನೂ ಇತ್ತು."

ಚಾ ತರಲು ಹೊರಟವನು ದವಾಖಾನೆಯ ಗೇಟಿನ ಹತ್ತಿರ ನಿಂತೆ.

ಹೋದ ವರ್ಷ ನಿನಗೆ ಕಚ್ಚಿದಾಗ ಖಾಸಗಿ ಆಸ್ಪತ್ರೆಗೇ ಹೋಗೋಣ ಎಂದವನು ನಾನು. ಅಲ್ಲಿ ಔಷಧ ಇರಲಿಲ್ಲ; ಬೇರೆ ಕಡೆ ಒಯ್ಯುವಷ್ಟರಲ್ಲಿ ನೀನು ಹೋಗಿಬಿಟ್ಟೆ. ಅಲ್ಲಿಗೆ ಹೋಗುವ ದಾರಿಯಲ್ಲಿ, ಇದೇ ಗೇಟಿನ ಮುಂದೆ ನೀನು ನನ್ನ ಭುಜ ಎರಡು ಸಲ ತಟ್ಟಿದ್ದೆ. ಬೇಗ ಹೋಗು ಅನ್ನುತ್ತಿದ್ದೀ ಎಂದು ತಿಳಿದು ಗಾಡಿ ಜೋರು ಮಾಡಿದ್ದೆ.